ಬಿಟ್ಟ ಮೀನುಗಳ ದಾರಿ

ಮೊನ್ನೆ ಮಿಶಿಗನ್ ಸರೋವರದ ಕಡೆಯ ನಮ್ಮೂರು ವೆಸ್ಟ್‌ಮಂಟ್‌ನ ಅಂಗಡಿಯಲ್ಲಿ ಸಾಲ್ಮನ್ ಮೀನು ಕತ್ತರಿಸಿ ಕೊಡಲೆಂದು ಕಾಯುತ್ತಿದ್ದಾಗ ಪಕ್ಕದಲ್ಲಿ ನಿಂತವರ ಹಣೆಯಿಂದ ವಿಭೂತಿಯ ವಾಸನೆ ಬಂತು. ಮೀನು, ವಿಭೂತಿ... ಈ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಒಬ್ಬರೇ, ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್.

ಗದಗ ಕಡೆಯವರು, ರಿಟೈರಾದ ಎಂಜಿನಿಯರ್. ಲಿಂಗಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ತಿಂದವರಲ್ಲ. ಇಂಥವರಿಗೆ ಹುಚ್ಚು ಯಾವುದು? ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಹಿಡಿಯುವುದು. ಹಿಡಿದು ಹಿಡಿದು ನೀರಿಗೇ ಬಿಡುವುದು. ಕಾರವಾರದವಳಾದ ನನಗೆ ಹೊಟ್ಟೆ ಉರಿಯುತ್ತಿತ್ತು. "ನಮಗಾದ್ರೂ ಒಂದು ಕೊಡಿ ಅಂಕಲ್" ಅಂದರೆ, "ನನ್ನ ಕೈಲೆ ಒಂದು ಜೀವಾನೂ ಹೋಗಬಾರ್ದು, ತಂಗಿ" ಅನ್ನುತ್ತಿದ್ದರು.

ಒಂದು ವರ್ಷ ಆಗಸ್ಟಿನ ಕೊನೆಯಲ್ಲಿ, ಮೀನುಗಳು ಮೊಟ್ಟೆಯಿಡಲು ಹೊಳೆಗೆ ಮರಳುವ ಮುನ್ನ ದಡದತ್ತ ಸೇರುವ ಹೊತ್ತಿಗೆ, ನನ್ನನ್ನೂ ಬೋಟಿಗೆ ಹತ್ತಿಸಿಕೊಂಡರು. ಭಾರದ ಗುಂಡಿನಿಂದ ದಾರವನ್ನು ತಣ್ಣೀರಿನ ಆಳಕ್ಕಿಳಿಸಿ, ತುದಿಯ ಕೊಕ್ಕೆಗೆ ಕಟ್ಟಿದ ಹೊಳೆಯುವ ತಗಡು ಕುಣಿಯುವಂತೆ ಬೋಟನ್ನು ನಡಿಗೆಯ ವೇಗದಲ್ಲಿ ಓಡಿಸಬೇಕು. "ಈಗ ಹಸಿವಿಗೆ ಕಚ್ಚೂದಿಲ್ಲ, ಸಿಟ್ಟಿಗೆ ಕಚ್ತಾವ" ಎಂದರು. ಒಂದಾದ ಮೇಲೊಂದು ಕಚ್ಚಿದವು. ಜಗ್ಗಾಡಿ ಮೇಲೆತ್ತುವುದು, ಕೊಕ್ಕೆ ಬಿಡಿಸಿ ಬಿಡುವುದು, ಮುಂದೆ ಸಾಗುವುದು.

ಯಾವತ್ತೂ ಸುತ್ತು ಹಾಕಿ ಬೇರೆ ದಾರಿಯಲ್ಲಿ ದಡ ಸೇರುತ್ತಿದ್ದರಂತೆ. ಅವತ್ತು ಗಾಳಿ ಎದ್ದಿತು. ಬಂದ ಗೆರೆಯಲ್ಲೇ ಬೋಟು ತಿರುಗಿಸಿದರು. ಮುಂದೆ ಹಕ್ಕಿಗಳ ಗದ್ದಲ. ಹತ್ತಿರ ಹೋದೆವು... ನಾವು ಬಿಟ್ಟ ಮೀನುಗಳೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಮ್ಮ ಕೊಕ್ಕೆ ಹರಿದ ದವಡೆ ಕಣ್ಣಿಗೆ ಕಾಣುತ್ತಿತ್ತು. ತಣ್ಣನೆಯ ಆಳದಿಂದ ಸೆಣಸುತ್ತ ಬಂದವು, ಮೇಲಿನ ಬೆಚ್ಚನೆಯ ನೀರಲ್ಲಿ ಸುಧಾರಿಸಿಕೊಳ್ಳಲಾಗದೆ ಸತ್ತಿದ್ದವು.

ಅಂಕಲ್ ಎಂಜಿನ್ ಆಫ್ ಮಾಡಿದರು. "ಇಷ್ಟು ವರ್ಷ ಬಿಟ್ಟವೆಲ್ಲಾ ಹಿಂಗ...?" ಎಂದರು. ಅವರು ಬಾಗಿ, ಕೊನೆಗೆ ಬಿಟ್ಟಿದ್ದ ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಇದನ್ನ ಅಡಗಿ ಮಾಡು ತಂಗಿ. ನಾ ಉಣ್ತೀನಿ."

ಬಾಯಿಮಾತು ಎಂದುಕೊಂಡೆ. ನಿಜವಾಗಿ ಬಂದರು. ನನ್ನ ಅಡುಗೆಮನೆಯಲ್ಲಿ ಕೂತು, ಕಣ್ಣೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ ತಿಂದರು. "ಕೊಂದದ್ದನ್ನ ಒಗದ್ರ ಎರಡು ಪಾಪ" ಎಂದು ಕೈ ತೊಳೆದುಕೊಂಡರು. ಮತ್ತೆ ಬೋಟು ಮುಟ್ಟಲಿಲ್ಲ.

ಅಂಕಲ್ ತೀರಿಹೋಗಿ ಕೆಲವು ವರ್ಷವಾಯಿತು. ಕನ್ನಡದವರು ಸೇರಿದಾಗ ಈಗಲೂ ಯಾರಾದರೂ ಅನ್ನುತ್ತಾರೆ, "ಎಷ್ಟು ಮೀನು ಹಿಡಿದ್ರು, ಒಂದನ್ನೂ ಸಾಯಿಸ್ಲಿಲ್ಲ, ಪುಣ್ಯಾತ್ಮ." ನಾನು ತಲೆಯಾಡಿಸುತ್ತೇನೆ. ಅವರು ಹೊಗಳುವ ಆ ಮನುಷ್ಯನಿಗಿಂತ ನಾನು ಕಳೆದುಕೊಂಡ ಅಂಕಲ್ ಎಷ್ಟೋ ದೊಡ್ಡವರು... ಹೇಳಿದರೆ ಯಾರು ನಂಬುತ್ತಾರೆ?