ಬಾವಿ ದಾಟಿದ ಗೆರೆ

ಮೊಬೈಲುಗಳು ನಮ್ಮ ಕಡೆ ಆಗಷ್ಟೇ ಕೈಗೆ ಬರುತ್ತಿದ್ದ ವರ್ಷಗಳು. ಹಡಗಲಿಯಲ್ಲಿ ಜಮೀನು ಅಳೆಯುವ ಖಾಸಗಿ ಸರ್ವೆಯರೊಬ್ಬರ ಕಚೇರಿಗೆ ನಕ್ಷೆ ನಕಲು ಮಾಡಲು ಸೇರಿದ್ದೆ. ಹರಿದು ಹೋಗುತ್ತಿದ್ದ ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ತಿದ್ದುವ ಕೆಲಸ. ಎದುರಿನ ಮೇಜಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಎಷ್ಟೋ ವರ್ಷಗಳಿಂದ ಅದನ್ನೇ ಮಾಡುತ್ತಿದ್ದರು. ಎಲ್ಲರಿಗೂ ಅವರು ಅಕ್ಕ, ನನಗೂ.

ಕೊಟ್ಟೂರಿನ ಕಾಲೇಜಿನ ಗೆಳತಿಯರು ದಿನವಿಡೀ ಮೆಸೇಜು ಕಳಿಸುತ್ತಿದ್ದರು. ಫೋನನ್ನು ಮಸಿ ಬಾಟಲಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಸದ್ದು ಬೇಡವೆಂದು ವೈಬ್ರೇಶನ್ನಿಗೆ ಹಾಕಿದ್ದೆ. ಅದನ್ನೇ ದೊಡ್ಡ ಶಿಸ್ತು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಹಂಪಸಾಗರದ ಕಡೆಯ ಹೊಲಗಳನ್ನು ಬರೆಯುತ್ತಿದ್ದಾಗ ಫೋನು ಗುರ್ರೆಂದು ಮೇಜನ್ನೇ ನಡುಗಿಸಿತು. ಪೆನ್ನು ಜಾರಿ, ಹೊಲದ ಗಡಿ ಬಾವಿಯ ಆಚೆಗೆ ಹೋಗಿ ನಿಂತಿತು.

ಅಕ್ಕ ಎದ್ದು ಬಂದು ನೋಡಿದರು. "ಎವ್ವಾ, ಒಬ್ರ ಬಾವಿ ತಗದು ಬಾಜು ಹೊಲದವ್ರಿಗೆ ಕೊಟ್ಟಿಯಲ್ಲ! ಏನಂತ ಬಂದೈತಿ ಮೆಸೇಜು?"

"ಏನಿಲ್ರಿ ಅಕ್ಕಾ. ಹಾಯ್ ಅಂತ."

ಎರಡು ದಿನ ಕೂತು ಬರೆದ ಹಾಳೆ. ನನಗೆ ಅಳು ಬಂತು. ಅವರು ಬೈಯಲಿಲ್ಲ. ಮಸಿ ಒಣಗುವವರೆಗೆ ಕಾದು, ಹಾಳೆ ಹರಿಯದಂತೆ ತಪ್ಪು ಗೆರೆಯನ್ನಷ್ಟೇ ಬ್ಲೇಡಿನಿಂದ ಹೆರೆದು ತೆಗೆದರು. ನನ್ನ ಕುರ್ಚಿಯಲ್ಲಿ ತಾವೇ ಕೂತರು.

"ಸುಮ್ನ ನಿಂತು ನೋಡು."

ಹಾಳೆ ಅಲುಗಬಾರದೆಂದು ಫ್ಯಾನು ಆರಿಸಿ, ತುಂಗಭದ್ರೆಯ ದಂಡೆಯನ್ನು ಬರೆಯತೊಡಗಿದರು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಸರ್ವೆಯರು ಬಾಗಿಲಲ್ಲಿ ನಿಂತು ಎರಡು ಸಲ ಕರೆದು ಹೋದರು. ಕಿವಿಯ ಹಿಂದಿನಿಂದ ಬೆವರಿಳಿದರೂ ಅಕ್ಕ ಒರೆಸಿಕೊಳ್ಳಲಿಲ್ಲ. ಅವರ ಕಣ್ಣು ಪೆನ್ನಿನ ತುದಿಗಿಂತ ಒಂದು ಬೆರಳು ಮುಂದೆಯೇ ಇತ್ತು. ಅದರ ಹಿಂದೆ ನದಿ ತಾನಾಗಿ ತಿರುಗಿ ತಿರುಗಿ ಬರುತ್ತಿತ್ತು. ಒಂದು ಜೀವ ಅಷ್ಟು ಹೊತ್ತು ಒಂದೇ ಕಡೆ ಇರಬಲ್ಲದು ಎಂಬುದು ನನಗೆ ಗೊತ್ತೇ ಇರಲಿಲ್ಲ. ಉಸಿರು ಬಿಡಲೂ ಹೆದರಿಕೆಯಾಯಿತು.

"ಸಾಹೇಬ್ರು ಕರದ್ರು ಅಕ್ಕಾ," ಎಂದೆ, ಅವರು ಪೆನ್ನು ಎತ್ತಿದ ಮೇಲೆ.

"ಹೌದಾ? ಯಾವಾಗ?" ನಿಜವಾಗಿಯೂ ಕೇಳಿಸಿರಲಿಲ್ಲ.

ಮರುದಿನದಿಂದ ಫೋನು ಆಫಾಗಿ, ಹೊರಗಿನ ಕೋಣೆಯ ಮೊಳೆಗೆ ತೂಗುಹಾಕಿದ ಚೀಲ ಸೇರಿತು. ಮೊದಲ ವಾರ ಕೈ ತಾನೇ ಮೇಜಿನ ಮೂಲೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಮೆಸೇಜಿಗೆ ಉತ್ತರಿಸಲಿಲ್ಲವೆಂದು ಗೆಳತಿಯೊಬ್ಬಳು ಮುನಿಸಿಕೊಂಡಳು.

ಎರಡು ತಿಂಗಳಾಗಿರಬೇಕು. ಉಚ್ಚಂಗಿದುರ್ಗದ ನಕ್ಷೆ ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಕೋಟೆಯ ಗೋಡೆಯಿಂದ ಶುರು ಮಾಡಿದೆ. ತಲೆ ಎತ್ತಿದಾಗ ಊಟದ ಹೊತ್ತು, ಕಚೇರಿ ಖಾಲಿ; ಅಕ್ಕ ಒಬ್ಬರೇ ನನ್ನನ್ನೇ ನೋಡುತ್ತ ಕೂತಿದ್ದರು.

"ಕರೆಂಟು ಹೋಗಿ ಬಂತು. ಗೊತ್ತಾತೇನು?"

ಗೊತ್ತಾಗಿರಲಿಲ್ಲ. ಅಷ್ಟು ಹೊತ್ತು ನಾನು ಎಲ್ಲಿದ್ದೆ?

ಅಕ್ಕ ಹಳೆಯ ನಕ್ಷೆಯ ಮೇಲೆ ನನ್ನ ಹಾಳೆಯನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಗೆರೆಯ ಅಡಿಯಿಂದ ಹಳೆಯ ಗೆರೆ ಎಲ್ಲೂ ಇಣುಕಲಿಲ್ಲ.