ಸಾಂಬಾರಿನ ಉಪ್ಪು ಹೋದ ಸಂಜೆ

ಹೋದ ಮಂಗಳವಾರ ಮಧ್ಯಾಹ್ನ ನಮ್ಮ ಪೀಜಿಯ ಸಾಂಬಾರಿಗೆ ಉಪ್ಪಿತ್ತು. ಸಂಜೆ ಏಳೂವರೆಗೆ ಅದೇ ಪಾತ್ರೆಯ ಅದೇ ಸಾಂಬಾರಿಗೆ ಉಪ್ಪಿರಲಿಲ್ಲ. ನಡುವೆ ಯಾರೂ ನೀರು ಹುಯ್ದಿರಲಿಲ್ಲ. ನಾನು ಒಂದು ನಿಜ ಹೇಳಿದ್ದೆ, ಅಷ್ಟೆ.

ನಾನು ಸಿಂಗಸಂದ್ರದಲ್ಲಿ ಹೆಣ್ಣುಮಕ್ಕಳ ಪೀಜಿಗೆ ಅಡುಗೆ ಮಾಡುವವಳು ಎಂದು ನಿಮಗೆ ಗೊತ್ತು. (ಈ ಅಂಕಣ ಹೊಸದಾಗಿ ಓದುವವರಿಗೆ ಈಗ ಗೊತ್ತಾಯಿತು.) ನಲವತ್ತು ಹುಡುಗಿಯರು, ಮೂರು ಮಹಡಿ, ಅಡುಗೆಗೆ ನಾನೊಬ್ಬಳು. ಇಲ್ಲಿಯ ತನಕ ನಿಮಗೆ ಹೇಳದೆ ಇದ್ದದ್ದು ಒಂದಿದೆ. ಎರಡೂವರೆ ವರ್ಷದ ಕೆಳಗೆ ನನಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಎಲೆಯಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಿದ್ದಿರಾ ಎಂದು ಕೇಳಬೇಡಿ. ಹಾಕುತ್ತಿದ್ದೆ. ಮುಂದಕ್ಕೆ ಹೋಗೋಣ.

ಏಳು ವಾರ ಕುತ್ತಿಗೆಗೆ ಕರೆಂಟು ಕೊಟ್ಟರು. (ರೇಡಿಯೇಶನ್ ಎನ್ನಬೇಕಂತೆ. ವಾರ್ಡಿನಲ್ಲಿ ನಾವೆಲ್ಲ ಕರೆಂಟು ಎಂದೇ ಅನ್ನುತ್ತಿದ್ದೆವು.) ಕ್ಯಾನ್ಸರ್ ಹೋಯಿತು. ಡಾಕ್ಟರು ಫೈಲು ಮುಚ್ಚಿ, "ಎಲ್ಲಾ ಕ್ಲಿಯರ್ ಅಮ್ಮ, ಆರಾಮಾಗಿರಿ" ಎಂದರು.

ಆರಾಮ ಹೇಗಿರುತ್ತದೆ ಹೇಳಲೇ? ಬಾಯಲ್ಲಿ ಜೊಲ್ಲಿಲ್ಲ. ನಾಲ್ಕು ಮಾತಾಡಿದರೆ ನಾಲಿಗೆ ಮೇಲಕ್ಕೆ ಅಂಟಿಕೊಳ್ಳುತ್ತದೆ, ಅದಕ್ಕೆ ನೀರಿನ ಬಾಟಲಿ ಕೈಬಿಡುವ ಹಾಗಿಲ್ಲ. ಕರೆಂಟು ಕೊಡುವ ಮುಂಚೆ ಹಿಂದಿನ ಆರು ಹಲ್ಲು ಕಿತ್ತರು. ದವಡೆ ಬಿಗಿದಿದೆ. ಬೆಳಿಗ್ಗೆ ಎದ್ದು ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಸಂದಿಗೆ ಕೊಟ್ಟು ಬಾಯಿ ಅಗಲಿಸಬೇಕು. ಹನ್ನೆರಡು ಕಡ್ಡಿ ಹಿಡಿದರೆ ಒಳ್ಳೆಯ ದಿನ. ಕುತ್ತಿಗೆ ಹಿಂದಕ್ಕೆ ತಿರುಗುವುದಿಲ್ಲ, ಇಡೀ ಮೈ ತಿರುಗಿಸಬೇಕು. ಹುಟ್ಟಿದಾಗಿನಿಂದ ಮುದ್ದೆ ನುಂಗಿದ ಗಂಟಲು ಇದು. ಈಗ ಅಂಬಲಿಗೂ ಎರಡು ಸಲ ಯೋಚನೆ ಮಾಡುತ್ತದೆ.

ರುಚಿಯೂ ಹೋಯಿತು. ಆರು ತಿಂಗಳಲ್ಲಿ ಬರುತ್ತದೆ ಎಂದಿದ್ದರು. ಸಿಹಿ ಯಾವಾಗಲೋ ನೆಂಟರ ಹಾಗೆ ಬಂದು ಹೋಗುತ್ತದೆ. ಉಪ್ಪು ಬರಲೇ ಇಲ್ಲ.

ಈ ಪೀಜಿಗೆ ಬಂದು ಒಂದೂವರೆ ವರ್ಷ. ಅಂದರೆ ಇಲ್ಲಿ ನಾನು ಮಾಡಿದ ಪ್ರತಿ ಸಾಂಬಾರೂ ರುಚಿ ಇಲ್ಲದ ಬಾಯಿಯವಳು ಮಾಡಿದ್ದು. ಯಾರಿಗೂ ಹೇಳಿರಲಿಲ್ಲ. ಸೆರಗು ಕುತ್ತಿಗೆಗೆ ಸುತ್ತಿಕೊಂಡಿದ್ದೆ, ಕಪ್ಪಾದ ಚರ್ಮ ಕಾಣಬಾರದು ಎಂದು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಂಗಳವಾರ ಮೂರು ಗಂಟೆಗೆ ಗಂಜಿ ಕುಡಿಯುತ್ತಿದ್ದೆ. ಒಂದು ಅಗುಳು ತಪ್ಪು ದಾರಿ ಹಿಡಿಯಿತು. ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ರೂಮಿನಲ್ಲೇ ಕೂತು ಆಫೀಸಿನ ಕೆಲಸ ಮಾಡುವ ಹಾಸನದ ಹುಡುಗಿ ಶ್ರಾವ್ಯ ಓಡಿಬಂದು ಬೆನ್ನು ನೀವಿದಳು. ಒಳ್ಳೆಯ ಹುಡುಗಿಯೇ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕೇಳಿದಳು.

"ಆಂಟಿ, ಇದು ಟೀಬಿ ಅಲ್ಲ ತಾನೆ?"

ಅಡುಗೆಯವಳಿಗೆ ಟೀಬಿ ಎಂದರೆ ಆವತ್ತೇ ಗೇಟಿನ ಆಚೆ. ಗಾಬರಿಯಾಗಿ ನಿಜ ಹೇಳಿಬಿಟ್ಟೆ. "ಟೀಬಿ ಅಲ್ಲ ಕಣಮ್ಮ. ಗಂಟ್ಲಿಗೆ ಕ್ಯಾನ್ಸರ್ ಆಗಿತ್ತು. ವಾಸಿ ಆಗೋಯ್ತು. ಇದು ಯಾರ್ಗೂ ಅಂಟಲ್ಲ."

"ಅಯ್ಯೋ, ಸಾರಿ ಆಂಟಿ. ಗೊತ್ತೇ ಇರ್ಲಿಲ್ಲ." ನನ್ನ ನೀರಿನ ಬಾಟಲಿ ಎತ್ತಿ ಕೊಟ್ಟಳು. "ನಮ್ ಮಾವಂಗೂ ಆಗಿತ್ತು. ಅವ್ರಿಗೆ ಟೇಸ್ಟೇ ಗೊತ್ತಾಗಲ್ಲ. ನಿಮ್ಗೆ?"

"ನಂಗೂ ಇಲ್ಲ."

"ಏನೂ?"

"ಏನೂ ಇಲ್ಲ."

ಇದೇ ಹುಡುಗಿ ಒಂದೂವರೆ ಗಂಟೆಗೆ ಎರಡು ಸೌಟು ಹಾಕಿಸಿಕೊಂಡು "ಸಾಂಬಾರ್ ಸಕ್ಕತ್ತಾಗಿದೆ" ಎಂದು ಹೋಗಿದ್ದಳು.

ನಾಲ್ಕು ಗಂಟೆಗೆ ಪೀಜಿಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬಿತ್ತು. ಏಳೂವರೆಗೆ ಊಟಕ್ಕೆ ಕೂತವರಲ್ಲಿ ಒಬ್ಬಳಿಗೆ ಉಪ್ಪು ಕಮ್ಮಿ. ಪಕ್ಕದವಳಿಗೆ ಉಪ್ಪೇ ಇಲ್ಲ. ಇನ್ನೊಬ್ಬಳಿಗೆ ಉಪ್ಪು ಜಾಸ್ತಿ. ನಾಲ್ಕು ಜನ ತಟ್ಟೆ ಬಿಟ್ಟೆದ್ದು ಫೋನಿನಲ್ಲಿ ಬಿರಿಯಾನಿ ತರಿಸಿಕೊಂಡರು.

ಪಾತ್ರೆ ತೊಳೆಯುವ ಪಾರವ್ವ (ಯಾದಗಿರಿ ಕಡೆಯವಳು, ಗಂಡ ಗಾರೆ ಕೆಲಸ) ಒಂದು ಬಟ್ಟಲು ತುಂಬ ಸಾಂಬಾರು ಹುಯ್ದುಕೊಂಡು ಕುಡಿದಳು. "ಏನಾಗೈತ್ರಿ ಗೌರಕ್ಕ ಇದಕ್ಕ? ಬರೋಬರಿ ಐತಿ. ಇವ್ರ ಬಾಯಿಗಿ ಏನ್ ಬಡದೈತಿ?"

ಇದಕ್ಕೂ ಮುಂಚೆ ಒಮ್ಮೆ ನನ್ನ ಕೈ ತಪ್ಪಿದ್ದುಂಟು. ಬೀನ್ಸ್ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ. ನಾಲಿಗೆ ಇದ್ದವಳಾಗಿದ್ದರೂ ಹಾಗೇ ಆಗುತ್ತಿತ್ತು, ಯಾಕೆಂದರೆ ನಾನು ರುಚಿ ನೋಡುವವಳೇ ಅಲ್ಲ. ಆವತ್ತು ಹುಡುಗಿಯರು ಏನೆಂದರು? "ಯಾಕಾಂಟಿ, ಬೆಳಿಗ್ಗೆ ಬೆಳಿಗ್ಗೆ ಯಾರ್ ಜೊತೆ ಜಗಳ?" ಎಂದು ನಕ್ಕು ಮೊಸರು ಕಲಸಿಕೊಂಡು ತಿಂದರು. ಆಗ ಅದು ತಪ್ಪು. ಈಗ ತಪ್ಪೇ ಆಗದಿದ್ದರೂ ಕಾಯಿಲೆ.

ಮಾರನೆಯ ಬೆಳಿಗ್ಗೆ ಓನರು ಮಂಜುಳಮ್ಮ ಬಂದರು. ಈ ಕಟ್ಟಡ ಎದ್ದಿರುವುದು ಅವರ ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಾರೆ. ಆದರೆ ನಲವತ್ತು ಜನ ಒಟ್ಟಿಗೆ ಮೆಸೇಜು ಹಾಕಿದರೆ ಯಾರಿಗೆ ತಾನೆ ಭಯವಾಗುವುದಿಲ್ಲ? ಸ್ಲ್ಯಾಬಿನ ಮೇಲೆ ಮೂರು ಬಟ್ಟಲು ಜೋಡಿಸಿದರು. ಮೂರಕ್ಕೂ ಸಾರು ಹುಯ್ದು, ನನಗೆ ಬೆನ್ನು ಕೊಟ್ಟು ಏನೋ ಬೆರೆಸಿದರು.

"ಗೌರಮ್ಮ, ಬೇಜಾರ್ ಮಾಡ್ಕಬೇಡಿ. ಇದ್ರಲ್ಲಿ ಉಪ್ಪು ಜಾಸ್ತಿ ಇರೋದ್ ಯಾವ್ದು ಯೋಳ್ಬುಡಿ ಸಾಕು. ನಾನೂ ಮಕ್ಕಳ್ಗೆ ಅಂಗೇ ಯೋಳ್ತೀನಿ."

ಬಾಗಿಲಲ್ಲಿ ಏಳೆಂಟು ಹುಡುಗಿಯರು ನೈಟಿಯಲ್ಲೇ ನಿಂತಿದ್ದರು. ಒಬ್ಬಳ ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.

ಈ ಒಲೆ ಬಿಟ್ಟರೆ ಈ ವಯಸ್ಸಿಗೆ, ಈ ಗಂಟಲಿಗೆ ಇನ್ನೊಂದು ಒಲೆ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಸುಮ್ಮನೆ ಒಂದು ಬಟ್ಟಲು ತೋರಿಸಬಹುದಿತ್ತು. ಅದೃಷ್ಟ ಇದ್ದರೆ ಸರಿಯಾಗುತ್ತಿತ್ತು. ಮನಸ್ಸು ಬರಲಿಲ್ಲ.

"ಯೋಳಕ್ಕಾಗಲ್ಲ," ಎಂದೆ. "ಮೂರೂ ನಂಗೆ ಒಂದೇ."

"ನೋಡಿದ್ರಾ, ಅದಕ್ಕೇ..."

"ಒಂದ್ ನಿಮಿಷ ತಡೀರಿ. ನಾನು ಸೌಟು ಬಾಯಿಗಿಟ್ಟಿದ್ದು ನೀವು ಯಾವತ್ತಾದ್ರೂ ನೋಡಿದೀರಾ? ಇಟ್ಟಿದ್ರೆ ನಮ್ಮವ್ವ ಕೈ ಸುಡ್ತಿದ್ಲು, ಅಡ್ಗೆ ಎಂಜಲಾಯ್ತದೆ ಅಂತ. ನಂಗೆ ಉಪ್ಪು ಗೊತ್ತಿರೋದು ಕೈಗೆ, ಬಾಯಿಗಲ್ಲ. ನಲವತ್ತು ಜನಕ್ಕೆ ಎರಡು ಹಿಡಿ, ಮೇಲೊಂದು ಚಿಟಿಕೆ. ಹೋದ್ ಮಹಾಲಯ ಅಮಾಸೆಗೆ ನಿಮ್ಮಾವನ್ ಎಡೆಗೆ ಅಡ್ಗೆ ಮಾಡಿದ್ದು ಯಾರು?"

ಮಂಜುಳಮ್ಮ ಬಟ್ಟಲುಗಳನ್ನು ಹಿಂದಕ್ಕೆ ಸರಿಸಿದರು.

"ಮಟನ್ ಸಾರು, ವಡೆ, ಪಾಯಸ. ಹಿರೀಕ್ರಿಗೆ ಇಡೋಕ್ ಮುಂಚೆ ಯಾರಾದ್ರೂ ರುಚಿ ನೋಡಿದ್ರಾ? ನೋಡಂಗಿಲ್ಲ ಅಂತ ನೀವೇ ಬಾಗ್ಲಲ್ಲಿ ನಿಂತಿದ್ರಿ. ಆಮೇಲೆ ನಿಮ್ ಯಜಮಾನ್ರು ಮೂರು ಸಲ ಸಾರು ಹಾಕಿಸ್ಕೊಂಡ್ರಲ್ಲ, ಆವತ್ತೂ ನನ್ ನಾಲ್ಗೆ ಇಂಗೇ ಸತ್ತೋಗಿತ್ತು."

ಬ್ರಷ್ಷಿನ ಹುಡುಗಿ ಮೆಲ್ಲಗೆ ಜಾರಿಕೊಂಡಳು. ಮಂಜುಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಅದೆಲ್ಲಾ ಸರಿನೇ ಗೌರಮ್ಮ. ನಂಗೊತ್ತಾಯ್ತದೆ. ಈ ಮಕ್ಕಳ್ಗೆ ಎಂಗೆ ಯೋಳಲಿ?" ಎಂದವರು ಐದು ನಿಮಿಷದಲ್ಲಿ ತೀರ್ಪು ಕೊಟ್ಟರು. ಅಡುಗೆ ನಾನೇ ಮಾಡಬೇಕು. ಆದರೆ ಇಳಿಸುವ ಮುಂಚೆ ಪಾರವ್ವ ರುಚಿ ನೋಡಬೇಕು, ಹುಡುಗಿಯರಿಗೆ ಕಾಣುವ ಹಾಗೆ. ಅವರಿಗೆ ಸಮಾಧಾನವಾಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ.

ಒಪ್ಪಿಕೊಂಡೆ. ಬೇರೆ ದಾರಿ ಏನಿತ್ತು?

ಈಗ ದಿನಾ ಎರಡು ಹೊತ್ತು ಈ ನಾಟಕ. ಪಾರವ್ವ ಸ್ಟೀಲ್ ಚಮಚ ಹಿಡಿದು ಊಟದ ಹಾಲಿನ ಕಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ಚಮಚ ಅದ್ದಿ ತುಟಿಯ ಹತ್ತಿರ ತಂದು, ಅಂಗೈಗೆ ಸುರಿದುಕೊಂಡು ಸಿಂಕಿಗೆ ಬಿಡುತ್ತಾಳೆ. "ಎಲ್ಲಾರೂ ಉಣ್ಣೂಕಿಂತ ಮೊದ್ಲ ನಾ ಬಾಯಿ ಹಾಕಂಗಿಲ್ರಿ ಗೌರಕ್ಕ," ಎಂದು ಮೊದಲ ದಿನವೇ ನನಗೆ ಹೇಳಿದ್ದಳು. ಆಮೇಲೆ ಜೋರಾಗಿ, "ಚಲೋ ಆಗೈತಿ, ಬರ್ರಿ."

ಹುಡುಗಿಯರು ಬರುತ್ತಾರೆ, ಉಣ್ಣುತ್ತಾರೆ. ಶನಿವಾರ ಶ್ರಾವ್ಯ ಒಳಗೆ ಬಂದು ನನ್ನ ಭುಜ ಹಿಡಿದುಕೊಂಡು, "ಆಂಟಿ, ಈಗ ಮತ್ತೆ ಮೊದ್ಲಿನ್ ಥರನೇ ಸೂಪರ್ ಆಗಿದೆ. ಪಾರವ್ವಕ್ಕ ನೋಡ್ತಾರಲ್ಲ, ಅದಕ್ಕೇ," ಎಂದಳು.

ಎರಡು ಹಿಡಿ, ಒಂದು ಚಿಟಿಕೆ. ಒಂದು ಹರಳು ಹೆಚ್ಚಿಲ್ಲ, ಕಮ್ಮಿ ಇಲ್ಲ.

ಸಿಟ್ಟು ಬಂದಿರುವುದು ಆ ಹುಡುಗಿಯ ಮೇಲೊಂದೇ ಅಲ್ಲ. ಕಾಯಿಲೆಯವರು ಒಂದೋ ಸಾಯಬೇಕು, ಇಲ್ಲ ಮೊದಲಿನ ಹಾಗೆ ಆಗಬೇಕು ಎಂದುಕೊಂಡಿದ್ದೀರಲ್ಲ, ನಿಮ್ಮೆಲ್ಲರ ಮೇಲೆ. ಮಲಗಿದ್ದಾಗ ಮೂಸಂಬಿ ಹಿಡಿದು ಸಾಲುಗಟ್ಟಿ ಬಂದಿರಿ. ಎದ್ದು ನಿಂತ ಮೇಲೆ "ವಾಸಿ ಆಯ್ತಲ್ಲ, ಇನ್ನೇನು" ಎಂದಿರಿ. ಇನ್ನೇನು ಎಂದರೆ ಇದೇ. ಬಾಟಲಿ, ಕಡ್ಡಿ, ಗಂಜಿ, ತಿರುಗದ ಕುತ್ತಿಗೆ. ಇವನ್ನಿಟ್ಟುಕೊಂಡೇ ನಲವತ್ತು ಜನಕ್ಕೆ ಬೇಯಿಸಿ ಹಾಕುತ್ತಿದ್ದೇನೆ. ನಾಲ್ಕು ದಿನದಿಂದ ಎಲ್ಲರೂ ನನ್ನ ನಾಲಿಗೆಯ ಮಾತೇ ಆಡಿದರು. "ಗೌರಮ್ಮ, ನೀವೇನ್ ತಿಂತೀರಿ?" ಎಂದು ಕೇಳಿದವರು ಒಬ್ಬರೂ ಇಲ್ಲ.

ಚಮಚದ ಗುಟ್ಟು ಬರೆಯಲೇ ಎಂದು ಪಾರವ್ವನನ್ನು ಕೇಳಿದೆ. "ಬರೀರಿ ಗೌರಕ್ಕ, ಮುಸುರಿ ತಿಕ್ಕಾಕ ಯಾರ್ ನಮ್ಮನ್ನ ಬ್ಯಾಡಂತಾರ?" ಎಂದಳು. ಮಂಜುಳಮ್ಮ ಈ ಪೇಪರು ಓದುತ್ತಾರೆ. ಓದಲಿ. ಹುಡುಗಿಯರಿಗೂ ಓದಿ ಹೇಳಲಿ. ಆಮೇಲೆ ಒಲೆ ಕೊಡುತ್ತಾರೋ, ಗೇಟು ತೋರಿಸುತ್ತಾರೋ ನೋಡೋಣ.

ನನ್ನ ನಾಲಿಗೆಯ ರುಚಿಯನ್ನು ಏಳು ವಾರದ ಕರೆಂಟು ಸುಟ್ಟಿತು, ಆ ಹುಡುಗಿಯರದ್ದು ಒಂದೇ ಮಧ್ಯಾಹ್ನಕ್ಕೆ ಹೋಯಿತಲ್ಲ, ಅದನ್ನು ಯಾವ ಡಾಕ್ಟರಿಗೆ ತೋರಿಸುವುದು?