ಅಂದು ‘ಬುಡ್ಲಾ’ ಎಂದು ಕೂಗಿದವರು

ನನ್ನದು ಗಡಸು ದನಿ. ಫೋನಿನಲ್ಲಿ ಹಲೋ ಎಂದರೆ ಆ ಕಡೆಯವರು ‘ಹೇಳಿ ಸಾರ್’ ಎನ್ನುತ್ತಾರೆ. ಬಸ್ ಕಂಡಕ್ಟರ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದನಿ ಬೇಕಿಲ್ಲ. ಹುಣಸೂರು ಸ್ಟ್ಯಾಂಡಿನಲ್ಲಿ ನಿಂತು ‘ಹನಗೋಡು, ಹನಗೋಡು’ ಎಂದೆನೆಂದರೆ ರಸ್ತೆಯ ಆಚೆ ಬದಿಯಲ್ಲಿ ಸೊಪ್ಪು ಕೊಳ್ಳುತ್ತಿದ್ದವರೂ ಚಿಲ್ಲರೆ ಬಿಟ್ಟು ಓಡಿ ಬರುತ್ತಾರೆ. ಹದಿನೈದು ವರ್ಷದಿಂದ ಈ ದನಿಯೇ ನನಗೆ ಅನ್ನ ಹಾಕಿದೆ. ಆದರೆ ಇದೇ ದನಿಗೆ ಹೆದರಿದಷ್ಟು ನಾನು ಇನ್ಯಾವುದಕ್ಕೂ ಹೆದರಿಲ್ಲ.

ಹೋದ ವರ್ಷ ನನ್ನ ಗಂಡ ನನ್ನನ್ನು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ನಮ್ಮ ಕಡೆಯ ಒಬ್ಬ ಫುಟ್‌ಬಾಲ್ ಆಟಗಾರರ ಅಭಿಮಾನಿಗಳ ಗ್ರೂಪು ಅದು. ಹನಗೋಡಿನ ಹೊಲದಲ್ಲಿ ಬರಿಗಾಲಲ್ಲಿ ಆಡಿ, ಕೋಲ್ಕತ್ತದ ದೊಡ್ಡ ಕ್ಲಬ್ಬಿನವರೆಗೆ ಹೋದವರು. ಎಡಗಾಲಿನಲ್ಲಿ ಒದ್ದರೆ ಚೆಂಡು ಎಲ್ಲಿಂದ ತಿರುಗಿ ಒಳಗೆ ಬರುತ್ತದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಜನ ಹೆಸರು ಬಿಟ್ಟು ‘ಎಡಗಾಲು’ ಎಂದೇ ಕರೆಯುತ್ತಿದ್ದರು. ಮಂಡಿ ಮುರಿದು ಆಟ ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದೆ. ಈಗ ಹುಣಸೂರಿನಲ್ಲಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ಅವರಿಗೊಂದು ಸನ್ಮಾನ ಮಾಡೋಣ, ಅದಕ್ಕೂ ಮೊದಲು ಎಲ್ಲರೂ ತಮ್ಮ ತಮ್ಮ ನೆನಪನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿ ಎಂದು ಗ್ರೂಪಿನಲ್ಲಿ ಬಂತು.

ವಾಯ್ಸ್ ಎಂಬ ಪದ ಓದಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು.

ನೆನಪುಗಳು ಒಂದೊಂದೇ ಬರತೊಡಗಿದವು. ಪಿರಿಯಾಪಟ್ಟಣದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕಿವಿಗೆ ವೈರ್ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಕೆ.ಆರ್. ನಗರದ ಟೈಲರ್ ಒಬ್ಬರು, ಇವರ ಮೊದಲ ಜರ್ಸಿಯ ತೋಳು ಉದ್ದವಾಗಿತ್ತು, ಕತ್ತರಿಸಿ ಹೊಲಿದವನು ನಾನೇ, ಉಳಿದ ತುಂಡು ಇವತ್ತಿಗೂ ನನ್ನ ಮೆಷಿನ್ನಿನ ಡ್ರಾಯರಿನಲ್ಲಿದೆ ಎಂದರು. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯ ಹೆಂಗಸೊಬ್ಬರು, ದೊಡ್ಡ ಆಟಗಾರ ಆದಮೇಲೂ ನಮ್ಮ ಹಾಡಿಗೆ ಬಂದು ಮಕ್ಕಳ ಜೊತೆ ಬಟ್ಟೆ ಚೆಂಡಿನಲ್ಲಿ ಆಡಿ, ಬೇಕಂತಲೇ ಸೋತು ಹೋದರು ಎಂದು ನಕ್ಕರು. ಕೇಳುವಾಗ ನನಗೂ ಖುಷಿಯೇ. ಆದರೆ ಯಾರೇ ಮಾತು ಶುರು ಮಾಡಲಿ, ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ಅವರ ಕೊನೆಯ ಆಟ. ‘ಅಯ್ಯೋ, ಆವತ್ತು ಅವರಣ್ಣ ಬುಡ್ಲಾ ಅಂತ ಕೂಗ್ದೆ ಇದ್ದಿದ್ರೆ!’

ಕೂಗಿದ್ದು ಅವರ ಅಣ್ಣನಲ್ಲ. ನಾನು.

ನನಗೆ ಮದುವೆಯಾಗಿ ಆಗ ಮೂರು ತಿಂಗಳು. ಕೆ.ಆರ್. ನಗರದ ಹತ್ತಿರದ ಹಳ್ಳಿಯಿಂದ ಹನಗೋಡಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ನಾಲ್ವರು ಅಣ್ಣತಮ್ಮಂದಿರ ಜೊತೆ ಬೆಳೆದದ್ದರಿಂದ ಲಾ ಹಾಕದೆ ಮಾತಾಡಿ ಅಭ್ಯಾಸವೇ ಇರಲಿಲ್ಲ. ಗಂಡನ ಮನೆಯಲ್ಲಿ ಮೊದಲ ದಿನವೇ ಅತ್ತೆ ಹೇಳಿದ್ದರು: ‘ಈ ಗಂಡ್ ದನಿ ಇಲ್ ನಡಿಯಾಕಿಲ್ಲ ಕಣವ್ವ. ಮೆತ್ತುಗ್ ಮಾತಾಡು.’ ಅಂದಿನಿಂದ ನಾನು ಗುಸುಗುಸು ಎನ್ನುವುದನ್ನು ಕಲಿತಿದ್ದೆ.

ಎಡಗಾಲಿನವರು ರಜೆಗೆ ಊರಿಗೆ ಬಂದಿದ್ದರು. ಊರಿನವರ ಒತ್ತಾಯಕ್ಕೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಹುಡುಗರ ಜೊತೆ ಒಂದು ಆಟಕ್ಕೆ ಒಪ್ಪಿಕೊಂಡರು. ಹೊಳೆಯ ಪಕ್ಕದ ಬಯಲು, ಮಧ್ಯಾಹ್ನದ ಬಿಸಿಲು. ನನ್ನ ಗಂಡ ಅವರ ಮಹಾ ಅಭಿಮಾನಿ. ತಂಬಾಕು ಒಣಗಿಸುವ ಬ್ಯಾರನ್ನಿನ ಕೆಲಸ ಬಿಟ್ಟು ನನ್ನನ್ನೂ ಕರೆದುಕೊಂಡು ಹೋಗಿ, ಗೆರೆಯ ಪಕ್ಕ ನಿಲ್ಲಿಸಿ ತಾವು ಗೆಳೆಯರ ಹತ್ತಿರ ಹೋಗಿಬಿಟ್ಟರು. ನನ್ನ ಎಡಕ್ಕೆ ಆಟಗಾರರ ಅಣ್ಣ ನಿಂತಿದ್ದರು. ಅಪ್ಪ ಇಲ್ಲದ ತಮ್ಮನನ್ನು ಸಾಕಿದವರು, ಆಟ ಕಲಿಸಿದವರೂ ಅವರೇ. ಇಡೀ ಆಟ ಕೂಗುತ್ತಲೇ ಇದ್ದರು.

ನಮ್ಮೂರು ಆಗಲೇ ಎರಡು ಗೋಲು ಮುಂದಿತ್ತು. ಕೊನೆಯ ಹೊತ್ತಿಗೆ ಚೆಂಡು ಉರುಳಿಕೊಂಡು ಗೋಲಿನ ಪಕ್ಕಕ್ಕೆ ಹೊರಟಿತ್ತು. ಎಡಗಾಲಿನವರು ಅದರ ಹಿಂದೆ ಓಡಿದರು. ಅವರು ಆಗಲೇ ಸ್ವಲ್ಪ ಕುಂಟುತ್ತಿದ್ದುದನ್ನು ನಾನು ಕಂಡಿದ್ದೆ. ಎದುರಿನಿಂದ ಕ್ಯಾಂಪಿನವರ ಗೋಲಿ, ಅಂದರೆ ಗೋಲು ಕಾಯುವ ಹುಡುಗ, ನುಗ್ಗಿ ಬರುತ್ತಿದ್ದ. ನನಗೆ ಜೀವ ಹಾರಿತು. ಮೂರು ತಿಂಗಳು ಗಂಟಲಲ್ಲಿ ಮುಚ್ಚಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಬಂತು: ‘ಬುಡ್ಲಾ!’

ಬಿಟ್ಟುಬಿಡು, ಹೋಗಲಿ ಎಂದು ನನ್ನ ಅರ್ಥ. ಆದರೆ ನಮ್ಮ ಕಡೆ ಬುಡು ಎಂದರೆ ಅದೊಂದೇ ಅಲ್ಲ. ಎತ್ತಿ ಬಾರಿಸು ಎನ್ನುವುದಕ್ಕೂ ಬುಡು ಎನ್ನುತ್ತೇವೆ. ಕೆನ್ನೆಗೆ ಒಂದು ಬುಟ್ಟೆ ಅಂದ್ರೆ ಎಂದು ಗದರುವುದಿಲ್ಲವೇ, ಹಾಗೆ. ಚಿಕ್ಕಂದಿನಿಂದ ಅಣ್ಣ ಬುಡ್ಲಾ ಎಂದಾಗಲೆಲ್ಲ ಆ ತಮ್ಮ ಚೆಂಡು ಬಾರಿಸಿ ಅಭ್ಯಾಸವಾಗಿತ್ತು. ಬಾರಿಸಲು ಎಡಗಾಲು ಎತ್ತಿದರು. ಗೋಲಿ ಪೂರಾ ಮೈ ಹಾಕಿ ಬಿದ್ದ. ಹಸಿ ಕಟ್ಟಿಗೆ ಮುರಿದ ಸದ್ದು ಗೆರೆಯವರೆಗೆ ಕೇಳಿತು.

ನೆಲದ ಮೇಲೆ ಹೊರಳಾಡುತ್ತ ಎಡಗಾಲಿನವರು ಒಂದೇ ಮಾತು ಅರಚುತ್ತಿದ್ದರು: ‘ಅಣ್ಣಾ, ನೀನ್ ಬುಡು ಅಂದ್ಯಲ್ಲೋ, ನೀನ್ ಅಂದ್ಯಲ್ಲೋ!’ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದೆ. ಪಕ್ಕದಿಂದ ಅಣ್ಣನ ಉತ್ತರವೇನೂ ಕೇಳಿಸಲಿಲ್ಲ.

ಗಂಡಸರ ನಡುವೆ ನಿಂತ ಹೊಸ ಸೊಸೆ, ಊರೇ ತಲೆ ಮೇಲೆ ಹೊತ್ತ ಮನುಷ್ಯನಿಗೆ ಲಾ ಎಂದು ಕೂಗಿ ಕಾಲು ಮುರಿಸಿದಳು ಎಂದು ಗೊತ್ತಾಗಿದ್ದರೆ ಅತ್ತೆ ಅದೇ ಸಂಜೆ ಟ್ರಂಕು ಹೊರಗಿಡುತ್ತಿದ್ದರು. ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು, ಯಾರೂ ನನ್ನತ್ತ ನೋಡಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಊರಿನ ಬಾಯಿ ಸುಮ್ಮನಿರುತ್ತದೆಯೇ? ತಮ್ಮನ ಮೇಲೆ ಅಣ್ಣನಿಗೆ ಹೊಟ್ಟೆಕಿಚ್ಚು, ಬೇಕಂತಲೇ ಕೂಗಿದ ಎಂದಿತು. ಆರು ತಿಂಗಳು ಹಾಸಿಗೆಯಲ್ಲಿ ಮಲಗಿದವರ ಕಿವಿಗೆ ಅದು ಬೀಳದೆ ಇರುತ್ತದೆಯೇ? ತಮ್ಮ ಹುಣಸೂರಿಗೆ ಮನೆ ಮಾಡಿಕೊಂಡು ಹೋದರು. ಅಣ್ಣತಮ್ಮಂದಿರ ಮಾತು ನಿಂತುಹೋಯಿತು.

ನನಗೆ ನಾನೇ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಣ್ಣನೂ ಅಷ್ಟು ಹೊತ್ತು ಕೂಗುತ್ತಿದ್ದರಲ್ಲ, ಆ ಗದ್ದಲದಲ್ಲಿ ಅವರಿಗೇ ತಾನು ಕೂಗಿದೆನೋ ಇಲ್ಲವೋ ಗೊತ್ತಿರಲಾರದು. ಅವರೂ ಕೂಗಿರಬಹುದು. ಹೀಗೆ ಎಷ್ಟು ಸಲ ಅಂದುಕೊಂಡರೂ ರಾತ್ರಿ ನಿದ್ದೆಯೇನೂ ಹೆಚ್ಚು ಬರಲಿಲ್ಲ. ಮುಂದೆ ಕಂಡಕ್ಟರ್ ಆದೆ, ಇದೇ ರೂಟು ಸಿಕ್ಕಿತು, ವಾರಕ್ಕೊಮ್ಮೆ ಅದೇ ಅಣ್ಣ ನನ್ನ ಬಸ್ಸು ಹತ್ತತೊಡಗಿದರು. ಟಿಕೆಟ್ ಇಲ್ಲದೆ ಹತ್ತಿದ ದಾಂಡಿಗರನ್ನು ಕಾಲರ್ ಹಿಡಿದು ಇಳಿಸಿದವಳು ನಾನು, ಆ ಮುದುಕರಿಗೆ ಟಿಕೆಟ್ ಹರಿದು ಕೊಡುವಾಗ ಮಾತ್ರ ‘ಎಲ್ಲಿಗೆ?’ ಎಂದೂ ಕೇಳುತ್ತಿರಲಿಲ್ಲ. ದನಿ ಕೇಳಿದರೆ ಗುರುತು ಹಿಡಿದುಬಿಟ್ಟರೆ?

ಗ್ರೂಪಿಗೆ ನಾನು ಮೆಸೇಜು ಹಾಕಲೇ ಇಲ್ಲ. ಗಂಟಲು ಕಟ್ಟಿದೆ ಎಂದೆ. ‘ನಿನ್ ಗಂಟ್ಲು ಕಟ್ಟಾದ? ಊರ್ ಬಾವಿ ಬತ್ತೋದ್ರೂ ಅದ್ ಕಟ್ಟಲ್ಲ ಕಣೆ’ ಎಂದು ಗಂಡ ನಕ್ಕರು. ಸನ್ಮಾನಕ್ಕೆ ನಾಲ್ಕು ದಿನ ಇರುವಾಗ ಊಟ ಮಾಡುತ್ತ ಫೋನು ಹಿಡಿದಿದ್ದವರು ಇದ್ದಕ್ಕಿದ್ದಂತೆ ‘ಲೇ, ಇಲ್ಕೇಳು’ ಎಂದು ಒಂದು ಮೆಸೇಜು ಕೇಳಿಸಿದರು. ಆವತ್ತಿನ ಗೋಲಿಯದು. ಈಗ ಬೈಲಕುಪ್ಪೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾನೆ. ಅವನ ಕನ್ನಡ ಈಗಲೂ ನಿಧಾನ, ಆದರೆ ಒಂದೊಂದು ಪದವೂ ಸ್ಪಷ್ಟ.

‘ನಮ್ಗೆ ಆಗ ಗೊತ್ತಿದ್ದದ್ದು ಅಂಗಡಿ ಕನ್ನಡ. ಬುಡು ಅಂದ್ರೆ ಬೇಡ, ಬಿಟ್ಟುಬಿಡು. ಅವರು ಬಾಲ್ ಬಿಡ್ತಾರೆ ಅಂದ್ಕೊಂಡು ನಾನು ಪೂರ್ತಿ ಬಂದೆ. ಎಲ್ಲರೂ ಅಣ್ಣ ಅಣ್ಣ ಅಂತಾರೆ. ನಾನು ಆ ಕಡೆ ಮುಖ ಮಾಡಿದ್ದೆ. ಅಣ್ಣ ಅಲ್ಲ. ದಪ್ಪ ದನಿ. ಆದ್ರೆ ಹೆಂಗಸು.’

ನನ್ನ ಕೈಯಿಂದ ಮುದ್ದೆಯ ತುತ್ತು ತಟ್ಟೆಗೆ ಬಿತ್ತು. ಗಂಡ ನೋಡಲಿಲ್ಲ. ಗ್ರೂಪಿನಲ್ಲಿ ನಗುವೋ ನಗು. ಯಾವ ಹೆಂಗಸು, ಎಲ್ಲಿ ನಿಂತಿದ್ದಳು, ಹುಡುಕಿ ಹುಡುಕಿ ಎಂದು ಒಬ್ಬರ ಮೇಲೊಬ್ಬರು ಬರೆದರು. ಅತ್ತೆ ತೀರಿಕೊಂಡು ಎಂಟು ವರ್ಷವಾಗಿತ್ತು, ಟ್ರಂಕು ಹೊರಗಿಡುವವರು ಯಾರೂ ಇರಲಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ. ಈಗ ಕೂಗಿದ್ದಕ್ಕಿಂತ ಸುಮ್ಮನಿದ್ದದ್ದು ದೊಡ್ಡ ತಪ್ಪಾಗಿ ಬೆಳೆದು ನಿಂತಿತ್ತು. ಆ ನಾಲ್ಕು ದಿನ ಬಸ್ಸಿನಲ್ಲಿ ರೈಟ್ ಎಂದು ಕೂಗುವ ಬದಲು ಬರೀ ಸೀಟಿ ಊದಿದೆ. ಡ್ರೈವರ್ ‘ಏನಮ್ಮಾ, ಮೌನವ್ರತಾನಾ?’ ಎಂದು ಛೇಡಿಸಿದ.

ಭಾನುವಾರ ಬೆಳಿಗ್ಗೆ ಹುಣಸೂರಿನ ಶಾಲೆಯೊಂದರ ಬಯಲಿನಲ್ಲಿ ಸನ್ಮಾನ. ಗಂಡನ ಪಕ್ಕ ಮೂರನೇ ಸಾಲಿನಲ್ಲಿ ಕೂತೆ. ಅಣ್ಣ ಬಂದಿರಲಿಲ್ಲ, ಕರೆದವರೂ ಇಲ್ಲ. ಶಾಲು, ಹಾರ, ಭಾಷಣ ಎಲ್ಲ ಮುಗಿದ ಮೇಲೆ ಎಡಗಾಲಿನವರು ಕೋಲೂರಿ ಎದ್ದು ಮೈಕು ಹಿಡಿದರು.

‘ಗೋಲಿ ಮಾತು ಕೇಳಿ ನಾಕ್ ದಿನದಿಂದ ನಂಗೆ ಊಟ ಸೇರ್ತಿಲ್ಲ’ ಎಂದರು. ‘ನಮ್ಮಣ್ಣ ಅಲ್ಲ ಅಂದ್ರೆ ಇನ್ಯಾರು? ಆ ತಾಯಿ ಇಲ್ಲಿದ್ರೆ ಎದ್ ನಿಂತ್ಕೊಳ್ಲಿ. ನಾನೇನೂ ಅನ್ನಾಕಿಲ್ಲ. ನಂಗೆ ನಮ್ಮಣ್ಣನ ಮನೆಗ್ ಓಗ್ಬೇಕು, ಅಷ್ಟೆಯ.’

ಏಳು, ಏಳು ಎಂದು ಒಳಗಿನಿಂದ ಯಾರೋ ದಬ್ಬುತ್ತಿದ್ದರು. ಸುತ್ತ ಇನ್ನೂರು ಮುಖ, ಪಕ್ಕದಲ್ಲಿ ಗಂಡ. ಒಬ್ಬಳೂ ಏಳಲಿಲ್ಲ. ಹಿಂದಿನಿಂದ ಯಾರೋ ‘ಎಂಗಸು ಎಲ್ಲಿಂದ ಬತ್ತಾಳೆ ಬುಡಿ ಸಾ, ಗೋಲಿಗೆ ಕಿವಿ ಮಂದ’ ಎಂದರು. ಎಲ್ಲರೂ ನಕ್ಕರು. ಎಡಗಾಲಿನವರು ಸಾಲು ಸಾಲಾಗಿ ನೋಡಿ, ‘ಅಂಗಾದ್ರೆ ಕೂಗಿದ್ದು ನಮ್ಮಣ್ಣನೇಯ’ ಎಂದು ಕೂತುಬಿಟ್ಟರು. ನಾನು ಎರಡನೇ ಸಲ ಆ ಅಣ್ಣನ ಮೇಲೆ ತಪ್ಪು ಹೊರಿಸಿದ್ದೆ, ಈ ಸಲ ಬಾಯಿಯನ್ನೂ ತೆರೆಯದೆ.

ಮಾರನೇ ಬೆಳಿಗ್ಗೆ ಹನಗೋಡಿನಿಂದ ಬಸ್ಸು ಹೊರಟಾಗ ಅಣ್ಣ ಹತ್ತಿದರು. ಆ ಟ್ರಿಪ್ಪಿಗೆ ಜನ ಕಡಿಮೆ. ನನ್ನ ಸೀಟಿನ ಪಕ್ಕದಲ್ಲೇ ಕೂತು ಕಾಸು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಹೆದರಿಕೆ ಹೋಗಿತ್ತು ಎಂದಲ್ಲ. ಹೆದರಿ ಹೆದರಿ ಸಾಕಾಗಿಹೋಗಿತ್ತು.

‘ಅಣ್ಣ, ಆವತ್ತು ಕೂಗಿದ್ದು ನಾನು’ ಎಂದೆ. ಗುಸುಗುಸು ಎನ್ನಲು ಹೋದೆ, ಗಡಸು ದನಿಯೇ ಬಂತು.

ಅವರು ನನ್ನತ್ತ ತಿರುಗಲೂ ಇಲ್ಲ. ‘ಗೊತ್ತು ಕಣವ್ವ. ಪಕ್ಕದಾಗೇ ನಿಂತಿದ್ನಲ್ಲ.’

‘ಮತ್ಯಾಕೆ ಯೋಳ್ಲಿಲ್ಲ?’

‘ಮೂರ್ ತಿಂಗ್ಳ ಸೊಸೆ. ನಿಮ್ಮತ್ತೆ ಎಂಥವ್ಳು ಅಂತ ಊರಿಗೇ ಗೊತ್ತಿತ್ತು. ನಿನ್ ಬಾಳು ಕೆಡ್ಸಿ ನಾನೇನ್ ಮಾಡ್ಲಿ? ನಮ್ ಹುಡುಗ ನಾಕ್ ದಿನ ಕೋಪ ಮಾಡ್ಕೊಂಡು ಆಮೇಲ್ ಸರಿ ಓಯ್ತಾನೆ ಅನ್ಕೊಂಡೆ.’ ಕಾಸನ್ನು ನನ್ನ ಚೀಲದ ಮೇಲಿಟ್ಟರು. ‘ಓಗ್ಲಿಲ್ಲ.’

‘ನಾನ್ ಈಗ್ಲೇ ಯೋಳ್ಬುಡ್ತೀನಿ’ ಎಂದೆ. ಬೇಡ, ಹಳೆಯದೆಲ್ಲ ಯಾಕೆ ಎನ್ನುತ್ತಾರೆಂದು ಒಳಗೊಳಗೇ ಆಸೆಪಟ್ಟೆ. ನಾನು ಎಂಥ ಹೇಡಿ ಎಂದು ಇಲ್ಲಿ ಬರೆಯದೆ ಬಿಡಲಾರೆ.

‘ಯೋಳವ್ವ’ ಎಂದರು ಅವರು. ‘ಏಳೂವರೆ ಪ್ರೈವೇಟ್ ಬಸ್ಸು ನಮ್ಮನೆ ಮುಂದೇ ನಿಲ್ತದೆ. ಅದ್ ಬುಟ್ಟು ಇಷ್ಟ್ ವರ್ಷ ನಿನ್ ಬಸ್ಸಿಗೇ ಬತ್ತಿದ್ದೀನಿ. ಇವತ್ತಾದ್ರೂ ಬಾಯ್ ಬುಡ್ತಾಳಾ ಅಂತ.’

ಗ್ರೂಪು ತೆಗೆದು ಮೈಕಿನ ಗುರುತನ್ನು ಒತ್ತಿ ಹಿಡಿದೆ. ನಾನು ಯಾರು, ಯಾರ ಹೆಂಡತಿ, ಎಲ್ಲಿ ನಿಂತಿದ್ದೆ, ಯಾವ ಅರ್ಥದಲ್ಲಿ ಕೂಗಿದೆ, ನಿನ್ನೆ ಯಾಕೆ ಏಳಲಿಲ್ಲ, ಎಲ್ಲ ಹೇಳಿದೆ. ಅಣ್ಣ ನನ್ನ ಪಕ್ಕದಲ್ಲೇ ಕೂತಿದ್ದಾರೆ ಎಂದೂ ಹೇಳಿದೆ. ಬೆರಳು ತೆಗೆದ ಕೂಡಲೇ ಹೋಗಿಬಿಟ್ಟಿತು. ಯಾರ್ಯಾರು ಅದನ್ನು ಕೇಳಿಸಿಕೊಂಡರೆಂದು ಒಂದೊಂದೇ ಹೆಸರು ತೋರತೊಡಗಿತು. ಮೊದಲು ಕೇಳಿದವರಲ್ಲಿ ನನ್ನ ಗಂಡನೂ ಇದ್ದರು, ಏನೂ ಬರೆಯಲಿಲ್ಲ. ಆ ಸಂಜೆ ಮನೆಗೆ ಹೇಗೆ ಹೋಗುವುದು?

ಎರಡು ಸ್ಟಾಪು ದಾಟುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಲು ಧೈರ್ಯ ಸಾಲದೆ ನೋಡುತ್ತ ಕೂತೆ. ‘ಎತ್ತವ್ವ’ ಎಂದರು ಅಣ್ಣ. ಎತ್ತಿದೆ. ನನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕೊನೆಗೆ ಎಡಗಾಲಿನವರು ‘ಅವ್ನಿಗ್ ಕೊಡಿ’ ಎಂದರು, ಅಷ್ಟೇ.

ಕೊಟ್ಟೆ. ಮುದುಕರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು.

‘ತಿಂಡಿ ತಿಂದ್ಯೇನ್ಲಾ?’ ಎಂದರು.

ಆ ಕಡೆಯವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಬಸ್ಸು ಹುಣಸೂರಿನ ಸ್ಟ್ಯಾಂಡಿಗೆ ಬಂದು ನಿಂತಿತು, ಜನ ಇಳಿದರು, ಡ್ರೈವರ್ ಎರಡು ಸಲ ಹಾರನ್ ಹಾಕಿದ. ಅವರು ಫೋನು ಇಳಿಸಲಿಲ್ಲ, ನಾನೂ ಕೇಳಲಿಲ್ಲ.